ಎಮ್ಮೆ, ಡ್ರೋನ್ ಮತ್ತು ಉಬ್ಬಿದ ಬ್ಯಾಟರಿ

ಹೋದ ವಾರ ನಮ್ಮೂರು ಅಂಕಲಿಯಲ್ಲಿ ಒಂದು ಎಮ್ಮೆ ಕಳೆದುಹೋಯಿತು. ಅದನ್ನು ಹುಡುಕಲು ಹೋದ ನಮ್ಮನೆ ಡ್ರೋನೂ ಕಳೆದುಹೋಯಿತು. ಎರಡನ್ನೂ ಹುಡುಕಲು ಕಬ್ಬಿನೊಳಗೆ ನುಗ್ಗಿದವರಲ್ಲಿ ನಿಮ್ಮ ಈ ಅಂಕಣಗಾರ್ತಿಯೂ ಒಬ್ಬಳು. ಮೈಮೇಲಿನ ಗೀರುಗಳು ಇನ್ನೂ ಮಾಯ್ದಿಲ್ಲ, ನಗು ಮಾತ್ರ ನಿಲ್ಲುತ್ತಿಲ್ಲ.

ಮೊದಲಿಂದ ಹೇಳುತ್ತೇನೆ. ನಮ್ಮ ಯಜಮಾನರಿಗೆ ಚಿಕ್ಕೋಡಿಯಲ್ಲಿ ಫೋಟೊ ಸ್ಟುಡಿಯೊ. ನಿಪ್ಪಾಣಿಯಿಂದ ಅಥಣಿವರೆಗೆ ತಮ್ಮ ಡ್ರೋನ್ ಹಾರದ ಮದುವೆಯೇ ಇಲ್ಲ ಎಂಬುದು ಅವರ ನಂಬಿಕೆ. ಸೀಸನ್ ಮುಗಿದರೆ ಡ್ರೋನ್ ಮನೆಗೆ ಬರುತ್ತದೆ. ಜೊತೆಗೆ ಜಗಳವೂ ಬರುತ್ತದೆ.

ಯಾವುದಕ್ಕೆ ಜಗಳ? ಬ್ಯಾಟರಿಗೆ!

ಅವರು ಎಲ್ಲ ಬ್ಯಾಟರಿಗಳನ್ನೂ ನೂರಕ್ಕೆ ನೂರು ಚಾರ್ಜ್ ಮಾಡಿ ಎತ್ತಿಡುವವರು. “ಯಾವಾಗ ಕರೀತಾರೋ ಏನೋ, ತುಂಬಿರ್ಲಿ ಬಿಡ” ಅನ್ನುತ್ತಾರೆ. ಎತ್ತಿಡುವುದೆಲ್ಲಿ? ತಗಡಿನ ಪತ್ರಾಸಿನ ಕೆಳಗಿನ ಅಟ್ಟದಲ್ಲಿ. ಬೇಸಿಗೆಯಲ್ಲಿ ಅಲ್ಲಿ ಹಪ್ಪಳ ಬೇಕಾದರೂ ಒಣಗಿಸಬಹುದು.

ನನಗೋ ಓದುವ ಚಟ. ಡ್ರೋನ್ ಡಬ್ಬಿಯಲ್ಲಿ ಬಂದ ಮ್ಯಾನ್ಯುಯಲ್ ಅನ್ನೂ ಬಿಡಲಿಲ್ಲ. (ಅಕ್ಷರಗಳು ಸಾಸಿವೆ ಕಾಳಿನಷ್ಟಿದ್ದವು.) ಕೆಲಸವಿಲ್ಲದಾಗ ಬ್ಯಾಟರಿಯನ್ನು ಅರ್ಧ, ಇಲ್ಲವೇ ಅರ್ಧಕ್ಕಿಂತ ಚೂರು ಹೆಚ್ಚು ಚಾರ್ಜ್‌ನಲ್ಲಿ, ತಂಪಾದ ಒಣ ಜಾಗದಲ್ಲಿ ಇಡಬೇಕಂತೆ. ಪೂರ್ತಿ ತುಂಬಿಸಿ ವಾರಗಟ್ಟಲೆ ಇಟ್ಟರೆ ಒಳಗೊಳಗೇ ಕೆಟ್ಟು ಉಬ್ಬುತ್ತದೆ. ಪೂರ್ತಿ ಖಾಲಿ ಮಾಡಿಟ್ಟರೆ ಮತ್ತೆ ಏಳುವುದೇ ಇಲ್ಲ. ಹಾರಿಬಂದ ಬಿಸಿ ಬ್ಯಾಟರಿಯನ್ನು ಆರುವವರೆಗೆ ಚಾರ್ಜಿಗೆ ಹಾಕಬಾರದು. ಬಾಣಂತಿಗೂ ಇಷ್ಟು ಪಥ್ಯವಿಲ್ಲ!

ಒಂದೇ ಒಂದು ಬ್ಯಾಟರಿಯನ್ನು ನಾನು ವಶಕ್ಕೆ ತೆಗೆದುಕೊಂಡೆ. ಅರವತ್ತಕ್ಕೆ ನಿಲ್ಲಿಸಿ, ನಡುಮನೆಯ ತಂಪು ಗೂಡಿನಲ್ಲಿಟ್ಟೆ.

“ಅದಕ್ಕೇನು ಡಯಟ್ ಹಚ್ಚೀಯೇನ?” ಎಂದರು ಯಜಮಾನರು.

“ಹೌದ್ರಿ. ಅದರದ್ದಾದಮ್ಯಾಲೆ ನಿಮ್ಮ ಪಾಳಿ!”

ಹೀಗಿರುವಾಗ ಭಾನುವಾರ ಮಧ್ಯಾಹ್ನ ಪಕ್ಕದ ಮನೆಯ ಸುಶೀಲಾ ಕಾಕು ಏದುಸಿರು ಬಿಡುತ್ತ ಬಂದರು. ಅವರ ಎಮ್ಮೆ ಗೌರಿ, ಚೊಚ್ಚಲ ಗಬ್ಬ, ಹಗ್ಗ ಹರಿದುಕೊಂಡು ಹೋಗಿತ್ತು. ಗೊರಸಿನ ಗುರುತು ಕಬ್ಬಿನ ಬದುವಿನವರೆಗೆ ಮಾತ್ರ. ಆಳುದ್ದದ ಕಬ್ಬು. ಅದು ಮುಗಿದರೆ ಕೃಷ್ಣಾ ನದಿ.

“ಇವತ್ತೋ ನಾಳೆನೋ ಈಯೂದೈತಿ. ಕರ ಅಡ್ಡ ಬಂತಂದ್ರ ಒಬ್ಬಾಕಿನ ಏನ್ ಮಾಡ್ತಾಳ? ತಮ್ಮಾ, ನಿನ್ನ ಇಮಾನ ಹಾರಸೋ!” ಕಾಕು ಅಳುತ್ತಿದ್ದರು. ಗೌರಿಯನ್ನು ಸಣ್ಣ ಕರುವಾಗಿನಿಂದ ಸಾಕಿದವರು ಅವರು.

ಯಜಮಾನರು ಅಟ್ಟ ಹತ್ತಿದರು. ಮೊದಲು ಕೈಗೆ ಸಿಕ್ಕ ಬ್ಯಾಟರಿ ಪೂರಿಯಂತೆ ಉಬ್ಬಿತ್ತು.

“ಸ್ವಲ್ಪ ಮೈ ಹಿಡಿದೈತಿ, ಅಷ್ಟ” ಎಂದರು.

“ಅದನ್ನ ಮುಟ್ಟಬ್ಯಾಡ್ರಿ, ಬೆಂಕಿ ಹತ್ತೀತು! ನನ್ನದ ತಗೋರಿ.”

“ನಿನ್ನ ಅರ್ಧಾ ಬ್ಯಾಟರಿಲೆ ಏನ್ ಹಾರ್ತೈತಿ? ಇದನ್ನ ನೋಡ, ನೂರು ತೋರಸಾಕತ್ತೈತಿ” ಎಂದು ಇನ್ನೊಂದನ್ನು ಸಿಕ್ಕಿಸಿದರು. ಅದು ಅಟ್ಟದ ಝಳಕ್ಕೆ ಆಗಲೇ ಬೆಚ್ಚಗಿತ್ತು.

ಡ್ರೋನ್ ಹಾರಿತು. ನಾವು ಮೂವರೂ ಫೋನಿನ ಪರದೆಗೆ ಮುಖ ಅಂಟಿಸಿ ನಿಂತೆವು. ಹಸಿರು, ಹಸಿರು, ಬರೀ ಹಸಿರು. ಕಡೆಗೆ ನಟ್ಟನಡುವೆ ಒಂದು ಕಡೆ ಕಬ್ಬು ಅಲುಗಾಡಿತು.

“ಅಲ್ಲಿ! ಅಲ್ಲಿ!” ಕಾಕು ಕಿರುಚಿದರು.

ಯಜಮಾನರು ಡ್ರೋನನ್ನು ಇನ್ನಷ್ಟು ಕೆಳಕ್ಕೆ ತಂದರು. ಅಷ್ಟರಲ್ಲಿ ಬ್ಯಾಟರಿಗೆ ಏನಾಯಿತೋ, ಎಪ್ಪತ್ತು ಇದ್ದದ್ದು ನೋಡನೋಡುತ್ತ ನಲವತ್ತಾಯಿತು, ಹತ್ತಾಯಿತು. ಫೋನು ಚೀರತೊಡಗಿತು. ಪರದೆಯ ತುಂಬ ಒಂದು ಕಬ್ಬಿನ ಗರಿ ಕಂಡಿತು. ಆಮೇಲೆ ಕತ್ತಲು.

“ಬಿತ್ತೇನೋ?” ಕಾಕು ಕೇಳಿದರು.

“ಇಳೀತು” ಎಂದರು ಯಜಮಾನರು. (ಗಂಡಸರ ಡ್ರೋನ್ ಬೀಳುವುದಿಲ್ಲ. ಇಳಿಯುತ್ತದೆ.)

ಡ್ರೋನ್ ಕೊನೆಗೆ ಎಲ್ಲಿತ್ತೆಂದು ಮ್ಯಾಪ್ ತೋರಿಸುತ್ತಿತ್ತು. ನಾನು ಫೋನ್ ಹಿಡಿದು ದಾರಿ ಹೇಳಿದೆ, ಯಜಮಾನರು ಗರಿ ಸರಿಸುತ್ತ ಮುಂದೆ ನಡೆದರು, ಕಾಕು “ಗೌರೀ, ಬಾರವ್ವಾ” ಎನ್ನುತ್ತ ಹಿಂದೆ ಬಂದರು. ಹಾವು ಇದ್ದರೆ? ಕಾಡುಹಂದಿ ಇದ್ದರೆ? ಅದೆಲ್ಲ ನೆನಪಾದದ್ದು ಪೂರ್ತಿ ಒಳಗೆ ಹೋದಮೇಲೆ.

ಇದ್ದಕ್ಕಿದ್ದಂತೆ ಭುಸ್ ಎಂಬ ಸದ್ದು. ಮೂವರೂ ಕಲ್ಲಾದೆವು.

ಗೌರಿ ನಿಂತಿದ್ದಳು. ಅವಳ ಕಾಲ ಬಳಿ ಒದ್ದೆ ಮೈಯ ಕರು, ಏಳಲು ಹೋಗಿ ಮುಗ್ಗರಿಸುತ್ತಿತ್ತು. ಅದರ ಪಕ್ಕದಲ್ಲೇ ನಮ್ಮ ಡ್ರೋನ್, ಕಾಲು ಮೇಲೆ ಮಾಡಿ ಬಿದ್ದಿತ್ತು. ಗೌರಿ ಕರುವನ್ನೊಮ್ಮೆ ನೆಕ್ಕುತ್ತಿದ್ದಳು, ಡ್ರೋನನ್ನೊಮ್ಮೆ ನೆಕ್ಕುತ್ತಿದ್ದಳು. ಅವಳ ಪಾಲಿಗೆ ಅವಳಿ-ಜವಳಿ!

ಯಜಮಾನರು ಡ್ರೋನಿಗೆ ಕೈ ಚಾಚಿದರೆ ಕೊಂಬು ತೋರಿಸಿದಳು. ಕಾಕು ಅವಳ ಕತ್ತು ತುರಿಸುತ್ತ ಪುಸಲಾಯಿಸಿದ ಮೇಲೆಯೇ ಎರಡನೇ ಮಗುವನ್ನು ಬಿಟ್ಟುಕೊಟ್ಟದ್ದು. ಯಜಮಾನರು ಕರುವನ್ನು ಹೆಗಲಿಗೇರಿಸಿಕೊಂಡರು, ನಾನು ಜೊಲ್ಲು ಸುರಿಯುವ ಡ್ರೋನನ್ನು ಎತ್ತಿಕೊಂಡೆ. ಕಾಕು ಅಳುತ್ತಲೇ ನಗುತ್ತಿದ್ದರು. ನಮಗೂ ನಕ್ಕು ನಕ್ಕು ನಡೆಯಲಾಗಲಿಲ್ಲ.

ಮನೆಗೆ ಬಂದವರೇ ಯಜಮಾನರು ಹೇಳಿದ್ದೇನು ಗೊತ್ತೆ? “ನೋಡ, ನನ್ನ ಬ್ಯಾಟರಿ ಸರೀ ಎಮ್ಮಿ ಬಾಜೂಕ ಹೋಗಿ ಇಳೀತು!”

ಆದರೆ ಮರುದಿನ ಹೊಸ ರೆಕ್ಕೆ ಹಾಕಿ, ನನ್ನ ಬ್ಯಾಟರಿಯನ್ನು ಆಗಷ್ಟೇ ಪೂರ್ತಿ ಚಾರ್ಜ್ ಮಾಡಿ ಹಾರಿಸಿದರು. ಹಾರಿತು, ಹಾರಿತು, ಹಾರುತ್ತಲೇ ಇತ್ತು. ಯಜಮಾನರು ಸೀದಾ ಅಟ್ಟ ಹತ್ತಿ ಎಲ್ಲ ಬ್ಯಾಟರಿ ಕೆಳಗಿಳಿಸಿದರು. ಉಬ್ಬಿದ್ದೂ ಕಬ್ಬಿನಲ್ಲಿ ಬಿದ್ದದ್ದೂ ಅಂಗಳದ ಮೂಲೆಯಲ್ಲಿ ಮರಳಿನ ಬಕೆಟ್ ಸೇರಿದವು, ಹಳೇ ಬ್ಯಾಟರಿ ತೆಗೆದುಕೊಳ್ಳುವ ಅಂಗಡಿಗೆ ಹೋಗುವವರೆಗೆ. ಉಳಿದವು ಅರವತ್ತಕ್ಕಿಳಿದು ನಡುಮನೆಯ ಗೂಡಿಗೆ ಬಂದವು.

ನಮಗೆಲ್ಲ ಈ ತುಂಬಿಸಿಡುವ ರೋಗ ಯಾಕಿದೆಯೋ! ಫೋನು ನೂರಾಗಬೇಕು, ಡ್ರಮ್ಮು ತುಳುಕಬೇಕು, ರಜೆಯ ದಿನವೂ ಕೆಲಸದಿಂದ ತುಂಬಿರಬೇಕು. ಒಂಚೂರು ಜಾಗ ಖಾಲಿ ಬಿಟ್ಟರೆ ಬ್ಯಾಟರಿಯೇ ಹೆಚ್ಚು ಬಾಳುವುದಾದರೆ, ನಾವು?

ಈಗ ಹೊಸ ಪೀಕಲಾಟ. ಊರಿಗೆಲ್ಲ ಸುದ್ದಿ ಹಬ್ಬಿದೆ. ಒಬ್ಬರ ಆಡು ಕಾಣುತ್ತಿಲ್ಲ, ಇನ್ನೊಬ್ಬರ ಹುಂಜ. ಇಂದು ಮಧ್ಯಾಹ್ನ ಹಿಂದಿನ ಓಣಿಯ ಅಕ್ಕ ಬಂದು ಪಿಸುಗುಟ್ಟಿದರು: “ನಮ್ಮ ಮನಿಯವ್ರು ಮುಂಜಾನಿಂದ ಕಾಣವಲ್ರು. ಒಂದ್ ರೌಂಡ್ ಹಾರಸ್ರಿ.” ಹಾರಿಸಿದೆವು, ಸಿಗಲಿಲ್ಲ. ಶೆಡ್ಡಿನಲ್ಲಿ ಕೂತು ಇಸ್ಪೀಟ್ ಆಡುತ್ತಿದ್ದರಂತೆ.

ಡ್ರೋನಿಗೆ ಛಾವಣಿ ಕೆಳಗಿನದು ಕಾಣುವುದಿಲ್ಲವೆಂದು ಈ ಗಂಡಸರಿಗೆ ಹೇಳಿದವರು ಯಾರು?