ಕೂಸಿಲ್ಲದೆ ಬರುತ್ತಿದ್ದ ಮರೆವ್ವ

"ಅಮ್ಮೀ, ಆ ಆಯಿ ತನ್ನ ಕೂಸನ್ನ ಎಲ್ಲಿ ಇಟ್ಟು ಬರ್ತಾಳ?"

ಜಾಹಿದ ಹೀಗೆ ಕೇಳಿದ್ದು ಮನೆಗೆ ಮರಳುವ ಆಟೋದಲ್ಲಿ, ತಾಯಿ ಹುಮಾಳ ತೋಳಿಗೆ ಒರಗಿಕೊಂಡು. ಐದು ವರ್ಷದ ಹುಡುಗ. ಹುಟ್ಟುವಾಗ ಉಸಿರುಗಟ್ಟಿ ಮಿದುಳಿಗೆ ಪೆಟ್ಟಾಗಿದ್ದರಿಂದ ಅವನ ಎರಡೂ ಕಾಲು ಬಿಗಿದ ಹಗ್ಗದ ಹಾಗೆ ಸೆಟೆದುಕೊಂಡಿದ್ದವು. ನಾಲಿಗೆಗೆ ಮಾತ್ರ ಲಗಾಮು ಇರಲಿಲ್ಲ. ಹುಮಾ ಅವನ ಸ್ವೆಟರಿನ ಗುಂಡಿ ಹಾಕತೊಡಗಿದಳು. ಅದೇ ಪ್ರಶ್ನೆ ಅವಳನ್ನೂ ಎಷ್ಟೋ ವಾರದಿಂದ ಕಾಡುತ್ತಿತ್ತು.

"ಹೇಳಬೇ ಅಮ್ಮೀ. ಎಲ್ಲಾರ್ದೂ ಕೂಸು ಐತಿ, ಆಕೀದಷ್ಟ ಇಲ್ಲ. ಅದಕ್ಕ ನನ್ನ ಕಾಲಿಗೆ ದಾರ ಹಿಡದು ನೋಡಿದ್ಲೇನು?"

ಹುಮಾಳ ಕೈ ಗುಂಡಿಯ ಮೇಲೆಯೇ ನಿಂತಿತು. "ದಾರ? ಯಾವಾಗ?"

"ನೀ ನೀರ ತರಾಕ ಹೋಗಿದ್ದೆಲ್ಲ, ಆವಾಗ. ಇಲ್ಲಿಂದ ಇಲ್ಲೀತನಾ." ಹುಡುಗ ಸೊಂಟದಿಂದ ಹಿಮ್ಮಡಿಯವರೆಗೆ ಬೆರಳು ಎಳೆದು ತೋರಿಸಿದ. "ದಾರಕ್ಕ ಗಂಟ ಹಾಕಿದ್ಲು. ನಕ್ಕಳು. ಯಾರಿಗೂ ಹೇಳಬ್ಯಾಡಪಾ ಅಂದ್ಲು."

ಮುದ್ದೇಬಿಹಾಳದ ಸರ್ಕಾರಿ ಶಾಲೆಯೊಂದರ ಹಿಂದಿನ ಕೋಣೆಯಲ್ಲಿ ಬುಧವಾರಕ್ಕೊಮ್ಮೆ ಇಂಥ ಮಕ್ಕಳಿಗೆ ಫಿಜಿಯೋಥೆರಪಿ ಮಾಡಿಸುತ್ತಾರೆ. ತಾಯಂದಿರ ಬಾಯಲ್ಲಿ ಅದು ಕಸರತ್ತು. ನೆಲಕ್ಕೆ ಹಾಸಿದ ನೀಲಿ ಗಾದಿ, ಗೋಡೆಗೆ ಬಿಗಿದ ಕಬ್ಬಿಣದ ಸರಳು, ಬೆನ್ನು ನಿಲ್ಲದ ಮಕ್ಕಳನ್ನು ಕೂರಿಸುವ ಮರದ ಕುರ್ಚಿ ಒಂದು. ಕಸರತ್ತು ಮಾಡಿಸುವ ಅನೀಲಕುಮಾರ ಸರ್ ಹೆಚ್ಚು ಮಾತಿನವರಲ್ಲ. ಮಗುವಿನ ಕಾಲು ಹಿಡಿದು ಒಮ್ಮೆ ತೋರಿಸಿ, "ಇದನ್ನ ಮನ್ಯಾಗ ದಿನಾ ಮಾಡ್ರಿ" ಎಂದು ಮುಂದಿನ ಮಗುವಿಗೆ ಹೋಗುವವರು. ಅಲ್ಲಿಗೆ ಬರುವವರೆಲ್ಲ ಕೂಸನ್ನು ಬಗಲಲ್ಲೋ ಬೆನ್ನ ಮೇಲೋ ಹೊತ್ತೇ ಬರುತ್ತಿದ್ದರು. ಬರಿಗೈಯಲ್ಲಿ ಬರುವವಳು ಒಬ್ಬಳೇ, ಮರೆವ್ವ.

ನಲವತ್ತೈದರ ಆಸುಪಾಸಿನ ಹೆಂಗಸು. ಕೂದಲು ಮಾತ್ರ ವಯಸ್ಸಿಗೆ ಮುಂಚೆ ಬೆಳ್ಳಗಾಗಿತ್ತು. ಅದಕ್ಕೇ ಜಾಹಿದನಿಗೆ ಅವಳು ಆಯಿ, ಎಂದರೆ ಅಜ್ಜಿ. ಚಿಂದಿ ಕೂಡಿಸಿ ಹೊಲಿದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಎರಡೂ ಕೈ ಅದರೊಳಗೆ ತೂರಿಸಿ, ಕಿಟಕಿಯ ಬುಡದಲ್ಲಿ ಕೂತುಬಿಡುವಳು. ಚಹಾ ಕೊಟ್ಟರೆ ಒಲ್ಲೆ ಎನ್ನುವಳು. ಮಾತಾಡಿಸಿದರೆ ನಕ್ಕು ಸುಮ್ಮನಾಗುವಳು. ಅವಳ ಕಣ್ಣು ಮಾತ್ರ ಒಂದೇ ಕಡೆ ನೆಟ್ಟಿರುತ್ತಿತ್ತು. ಗಾದಿಯ ಮೇಲೆ ಬೇರೆ ಮಕ್ಕಳಿದ್ದಾಗ ತೂಕಡಿಸುತ್ತಿದ್ದ ಆ ಕಣ್ಣು, ಜಾಹಿದನನ್ನು ಮಲಗಿಸಿದರೆ ಸಾಕು, ಅರಳಿ ಅವನ ಕಾಲಿಗೆ ಅಂಟಿಕೊಳ್ಳುತ್ತಿತ್ತು.

ಕಿರಾಣಿ ಅಂಗಡಿಯವರ ಸೊಸೆ ವಿದ್ಯಾವತಿಗೆ ಇದನ್ನೆಲ್ಲ ನೋಡಿ ಸುಮ್ಮನಿರಲಾಗಲಿಲ್ಲ. ತನ್ನ ಮಗಳಿಗೆ ಕಸರತ್ತು ನಡೆದಿರುವಾಗಲೇ ಹುಮಾಳ ಪಕ್ಕಕ್ಕೆ ಸರಿದು ಕೂತು ಪಿಸುಗುಡುವಳು.

"ಮೊದಲ ಸಲ ಕೇಳಿದ್ರ ಕೂಸು ಆಚೀಕಿ ಖೋಲ್ಯಾಗ ಐತಿ ಅಂದ್ಲು. ಇಲ್ಲಿ ಇರೂದ ಒಂದ ಖೋಲಿ. ಆಮ್ಯಾಲ ತಂಗೀ ಮಗ ಅಂದ್ಲು, ಹೋದ ವಾರ ತಮ್ಮನ ಮಗಳು ಅಂದ್ಲು. ಹೊತ್ತೂ ಇಲ್ಲ, ಹಡದೂ ಇಲ್ಲ, ವಾರಕ್ಕೊಂದು ಕೂಸು!"

"ಯಾವೂರಂತ?"

"ತಾಳಿಕೋಟಿ ಕಡೆ ಅಂತಾಳ. ನಾ ಬಸ್‌ಸ್ಟ್ಯಾಂಡಿನ್ಯಾಗ ಕಣ್ಣಾರೆ ನೋಡೇನಿ, ಇಳೀದು ಬಾಗೇವಾಡಿ ಬಸ್ಸಿನ್ಯಾಗಿಂದ. ತಾಳಿಕೋಟಿ ಅತ್ತಾಗ, ಬಾಗೇವಾಡಿ ಇತ್ತಾಗ. ಭೂಮಿ ಸುತ್ತು ಹಾಕಿ ಬರ್ತಾಳೇನಬೇ? ಬಾಗೇವಾಡಿ ಮಂದಿಗೆ ಬಾಗೇವಾಡ್ಯಾಗ ಇಂಥಾ ಕಸರತ್ತಿನ ಕೇಂದ್ರ ಇಲ್ಲೇನು? ನಿನ್ನ ಹುಡುಗನ ಮ್ಯಾಲೆ ಕಣ್ಣಿಟ್ಟಾಳ, ಸಂಬಾಳಿಸು."

ಹುಮಾ ಇಂಥ ಮಾತಿಗೆ ಸುಲಭಕ್ಕೆ ಮರುಳಾಗುವವಳಲ್ಲ. ಆದರೆ ದಾರದ ಸಂಗತಿ ಕಿವಿಗೆ ಬಿದ್ದ ಮರುದಿನವೇ ಜಾಹಿದನಿಗೆ ಜ್ವರ ಬಂತು. ಜ್ವರ ಇಳಿದ ಮೇಲೂ ಅವನು ಸರಿಯಾಗಿ ಕೂರಲಿಲ್ಲ. ಹಿಂದಿನ ತಿಂಗಳಷ್ಟೇ ಗೋಡೆಗೆ ಆನದೆ ಕೂತು, ತಟ್ಟೆಯೊಳಗಿನ ರೊಟ್ಟಿಯನ್ನು ತಾನೇ ಮುರಿದು ತಿಂದಿದ್ದ; ಅದನ್ನು ನೋಡಲು ಓಣಿಯ ಹೆಂಗಸರೆಲ್ಲ ಬಂದಿದ್ದರು. ಈಗ ಕೂರಿಸಿದರೆ ಕಟ್ಟು ಬಿಚ್ಚಿದ ಮೂಟೆಯಂತೆ ಪಕ್ಕಕ್ಕೆ ಹೊರಳುತ್ತಿದ್ದ.

ಓಣಿಯ ಅರ್ಧ ಹುಡುಗರಿಗೆ ಆ ವಾರ ಜ್ವರವಿತ್ತು. ಹುಮಾಳ ಅತ್ತೆ ಖಾತುನಬಿ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಮೊಮ್ಮಗನ ಬಾಯಿಂದ ದಾರದ ಕಥೆ ಕೇಳಿದವಳೇ ಒಲೆಗೆ ಮೆಣಸಿನಕಾಯಿ ಹಾಕಿ ದೃಷ್ಟಿ ತೆಗೆದಳು.

"ಕೂಸಿಲ್ಲದಾಕಿ ಕೂಸಿನ ಅಳತಿ ಎದಕ ತಗೋತಾಳ? ತನ್ನ ಮನೀ ಪೀಡಾ ನಮ್ಮ ಮನೀಗೆ ದಾಟಿಸಾಕ. ಇನ್ನ ಆ ಕಸರತ್ತು ಗಿಸರತ್ತು ಬಂದ್. ಇಷ್ಟ ದಿನ ಎಣ್ಣಿ ತಿಕ್ಕಿದ್ದು ಸಾಲದೇನು?"

ಗಂಡ ಇಜಾಜ ತಾಯಿಯ ಕಡೆಗೇ ವಾಲಿದ. "ಒಂದ್ನಾಕ ತಿಂಗಳ ಬಿಡು ಹುಮಾ. ಆಮ್ಯಾಲ ನೋಡೂಣು."

ನಾಲ್ಕು ತಿಂಗಳು ಬಿಟ್ಟರೆ ಆ ಮೊಣಕಾಲು ಮತ್ತೆ ಹೇಗೆ ಸೆಟೆಯುತ್ತದೆ ಎಂಬುದು ಹುಮಾಳ ಕೈಗೆ ಗೊತ್ತಿತ್ತು. ಅವಳು ಅತ್ತೆಯೊಂದಿಗೆ ಜಗಳಕ್ಕೆ ಇಳಿಯಲಿಲ್ಲ, ಕರಾರು ಮಾಡಿಕೊಂಡಳು. "ಈ ಬುಧವಾರ ಒಂದ ಹೋಗಿ ಬರ್ತೇನ್ರಿ. ಆ ಹೆಂಗಸು ಮತ್ತ ಆ ಬಾಗಲಾ ತುಳೀದಂಗ ಮಾಡೇ ಬರ್ತೇನಿ. ಆಕಿ ಬರೂದು ನಿಂತ್ರ ಇವನ್ನ ಕಳಸ್ತೀರಿಲ್ಲೋ?"

ಖಾತುನಬಿ ಹ್ಞೂಂ ಅಂದಳು.

ಬುಧವಾರ ಹುಮಾ ಮರೆವ್ವನ ಮಗ್ಗುಲಲ್ಲೇ ಜಾಗ ಹಿಡಿದು ಕೂತಳು. ಅನೀಲಕುಮಾರ ಸರ್ ಜಾಹಿದನ ಎಡಗಾಲು ಮಡಚಿ ನಿಧಾನ ಹೊರಳಿಸುತ್ತಿದ್ದರು. ಚೀಲದೊಳಗೆ ಮರೆವ್ವನ ಕೈಯೂ ಹೊರಳುತ್ತಿತ್ತು. ಅಲ್ಲಿ ಕಾಲು ಚಾಚಿದರೆ ಇಲ್ಲಿ ಕೈ ಚಾಚುತ್ತಿತ್ತು, ಅಲ್ಲಿ ನಿಂತರೆ ಇಲ್ಲಿ ನಿಲ್ಲುತ್ತಿತ್ತು. ಹುಮಾ ಸರ್ ಮುಂದಿನ ಮಗುವಿಗೆ ಸರಿಯುವುದನ್ನೇ ಕಾದು, ಚೀಲಕ್ಕೆ ಕೈಹಾಕಿ ಜಗ್ಗಿದಳು.

ಹೊರಬಿದ್ದದ್ದು ಮೊಳದುದ್ದದ ಚಿಂದಿ ಗೊಂಬೆ. ಕಣ್ಣಿಲ್ಲ, ಮೂಗಿಲ್ಲ. ಸೊಂಟದ ಸಂದಿನಲ್ಲಿ ಕೆಂಪು ದಾರ, ಮೊಣಕಾಲಿಗೆ ಕರಿ ದಾರ. ಎಡಗಾಲಿನ ಹಿಮ್ಮಡಿಯಲ್ಲಿ ಸೂಜಿ ಚುಚ್ಚಿಯೇ ಇತ್ತು.

"ಅಯ್ಯ ಯವ್ವಾ, ಮಾಟ!" ವಿದ್ಯಾವತಿ ಮಗಳನ್ನು ಎದೆಗವುಚಿಕೊಂಡು ಗೋಡೆಗೆ ಒರಗಿದಳು. ಮರೆವ್ವ ಚೀಲ ಎತ್ತಿಕೊಂಡು ಚಪ್ಪಲಿಯನ್ನೂ ಮೆಟ್ಟದೆ ಹೊರಗೆ ನಡೆದಳು. ಹುಮಾ ಒಂದು ಬಗಲಿಗೆ ಜಾಹಿದನನ್ನು ಏರಿಸಿ, ಇನ್ನೊಂದು ಕೈಯಲ್ಲಿ ಗೊಂಬೆ ಹಿಡಿದು, ಗೇಟಿನ ಬಳಿಯ ಬೇವಿನ ಗಿಡದಡಿ ಅವಳನ್ನು ಅಡ್ಡಗಟ್ಟಿದಳು.

"ನನ್ನ ಮಗಗ ಏನ ಮಾಡೀ ಹೇಳು. ಇಲ್ಲಿಕಂದ್ರ ಇಲ್ಲೇ, ಈಗಿಂದೀಗ ಇದನ್ನ ಸುಡ್ತೇನಿ."

ಮರೆವ್ವನಿಗೆ ಏದುಸಿರು. "ಸುಡ್ರಿ ತಂಗೆವ್ವಾ. ಆದರ ಆ ಎಡಗಾಲಿಂದು ಒಂದ ಸಲ ತೋರಿಸಿ ಸುಡ್ರಿ. ಸರ್ ಇವತ್ತ ಹಿಮ್ಮಡಿ ಹಿಡದ್ರು, ಹ್ವಾದ ವಾರ ಪಾದ ಹಿಡದಿದ್ರು. ಯಾವುದು ಖರೆ?"

ಹುಮಾಗೆ ತಲೆಬುಡ ತಿಳಿಯಲಿಲ್ಲ. ಬಗಲಲ್ಲಿದ್ದ ಜಾಹಿದ ಗೊಂಬೆಯ ಕಾಲು ಹಿಡಿದು ಮಡಚಿದ, ಹೊರಕ್ಕೆ ಹೊರಳಿಸಿದ. ಕಾಲು ಕೆಂಪು ದಾರದ ಹತ್ತಿರ ಬಾಗಿ, ಕರಿ ದಾರದ ಹತ್ತಿರ ನಿಂತಿತು. "ಅಮ್ಮೀ, ಇದು ನಂದ ಕಸರತ್ತು ಮಾಡತೈತಿ!"

"ನನಗ ಬರಿಯಾಕ ಬರೂದಿಲ್ರಿ," ಅಂದಳು ಮರೆವ್ವ. "ಬಸ್ಸಿನ್ಯಾಗ ಊರು ಮುಟ್ಟೂದ್ರಾಗ ಮರ್ತು ಹೋಗತಿತ್ತು. ಅದಕ್ಕ ಎಲ್ಲಿ ಹಿಡೀಬೇಕೋ ಅಲ್ಲಿ ಕೆಂಪು, ಎಲ್ಲಿ ಬಿಡಬೇಕೋ ಅಲ್ಲಿ ಕರಿ. ಗೊಂಬಿ ಕಾಲು ಗಿಡ್ಡಾಗಿ ಮಡಚಾಕ ಸರಿ ಬರತಿದ್ದಿಲ್ಲ, ಅದಕ್ಕ ನಿಮ್ಮ ಹುಡುಗಂದು ಅಳತಿ ತಗೊಂಡು ಅದರ ಅರ್ಧಕ್ಕ ಹೊಲದೆ."

"ಮಾಡೂದು ಯಾರಿಗೆ? ಕೂಸು ಎಲ್ಲೈತಿ?"

ಮರೆವ್ವ ರಸ್ತೆಯ ಆಚೆ ಈಚೆ ನೋಡಿ ಬೇವಿನ ಬುಡಕ್ಕೆ ಕುಸಿದು ಕೂತಳು.

ಅವಳು ಹುಟ್ಟಿದ್ದು ಇಂಡಿ ತಾಲೂಕಿನ ಲಚ್ಯಾಣದಲ್ಲಿ. ತಾಯಿ ಕೌದಿ ಹೊಲಿಯುವವಳು. ಮಗಳಿಗೂ ಅಕ್ಷರ ಹತ್ತದೆ ಸೂಜಿ ಹತ್ತಿತು. ಊರಿನ ಹಳೆಯ ಸೀರೆ, ಧೋತರಗಳನ್ನೆಲ್ಲ ಪದರಾಗಿ ಕೂಡಿಸಿ ಹೊಲಿಯುತ್ತಲೇ ದೊಡ್ಡವಳಾಗಿ, ಬಾಗೇವಾಡಿ ಹತ್ತಿರದ ಮನಗೂಳಿಯ ಖಂಡೆಪ್ಪನ ಮನೆ ಸೇರಿದಳು. ಅವನದು ಹಿಟ್ಟಿನ ಗಿರಣಿ, ಮನೆಯ ಗೋಡೆಗೆ ಅಂಟಿಕೊಂಡೇ ಇತ್ತು. ಇಬ್ಬರು ಹೆಣ್ಣುಮಕ್ಕಳಾದ ಮೇಲೆ ಬಹಳ ವರ್ಷಕ್ಕೆ ಮೂರನೆಯವಳು ನಿಂಬೆವ್ವ ಹುಟ್ಟಿದಳು. ಅವಳ ಕತ್ತು ನಿಲ್ಲಲಿಲ್ಲ, ಬೆನ್ನು ನಿಲ್ಲಲಿಲ್ಲ. ದೊಡ್ಡವಳಿಗೆ ಆಗ ವರ ನೋಡುತ್ತಿದ್ದರು. ಇಂಥ ಕೂಸಿರುವ ಮನೆಯ ಹೆಣ್ಣನ್ನು ಯಾರು ತಂದುಕೊಳ್ಳುತ್ತಾರೆ ಎಂದು ಖಂಡೆಪ್ಪ ನಿಂಬೆವ್ವಳನ್ನು ಒಳಕೋಣೆಗೆ ಹಾಕಿದ. ಮದುವೆ ಮುಗಿಯುವ ತನಕ ಅಂದ. ಮದುವೆ ಮುಗಿಯಿತು. ಈಗ ನಡುವಿನವಳಿಗೆ ಸಿಂದಗಿಯ ಕಡೆ ಮಾತು ನಡೆದಿತ್ತು. ನಿಂಬೆವ್ವಗೆ ಏಳು ತುಂಬಿತ್ತು.

"ಮನಗೂಳ್ಯಾಗ ಕೇಳಿದ್ರ ಲಚ್ಯಾಣದಾಗ ಆಯೀ ಮನ್ಯಾಗ ಅದಾಳ ಅಂತೀವ್ರಿ. ಲಚ್ಯಾಣದಾಗ ಕೇಳಿದ್ರ ಮನಗೂಳ್ಯಾಗ ಆರಾಮ ಅದಾಳ ಅಂತೀವಿ."

"ಅಳೂದಿಲ್ಲೇನು ಕೂಸು? ಓಣಿ ಮಂದಿಗೆ ಕೇಳೂದಿಲ್ಲ?"

"ಗಿರಣಿ ಸಪ್ಪಳ ಇರತೈತ್ರಿ. ಕರೆಂಟ್ ಹ್ವಾದಾಗ ನಾ ಬಾಯಿ ಮುಚ್ಚತೇನಿ."

ಹುಮಾ ಜಾಹಿದನನ್ನು ಇನ್ನೊಂದು ಬಗಲಿಗೆ ಬದಲಿಸಿದಳು. ಕಥೆ ಕರುಳು ಹಿಂಡುವಂತೆಯೇ ಇತ್ತು. ಅದಕ್ಕೇ ಅವಳಿಗೆ ಅನುಮಾನ. ಮೂರು ವಾರಕ್ಕೆ ಮೂರು ಕೂಸು ಹುಟ್ಟಿಸಿದವಳಿಗೆ ನಾಲ್ಕನೆಯದನ್ನು ಹುಟ್ಟಿಸುವುದು ಏನು ಕಷ್ಟ? "ಮೊಬೈಲ್ ಐತಿಲ್ಲ? ಫೋಟೋ ತೋರಸ್ರಿ."

"ಇಲ್ರಿ."

"ಏಳು ವರ್ಷದ ಹುಡುಗೀದು ಒಂದ ಫೋಟೋ ಇಲ್ಲ?"

"ತಗದ್ರ ಯಾರದರೆ ಕಣ್ಣಿಗೆ ಬೀಳತೈತಿ. ದೊಡ್ಡ ಅಳಿಯಾ ಬಂದ್ರ ಮೊದಲ ನನ್ನ ಮೊಬೈಲ್ ಈಸ್ಕೋತಾನ." ಮರೆವ್ವ ಗೊಂಬೆಯತ್ತ ಕೈ ನೀಡಿದಳು, ಹುಮಾ ಕೊಡಲಿಲ್ಲ. "ಕೌದಿ ಕೊಡಾಕ ಈ ಊರಿಗೆ ಬಂದಿದ್ದೆ. ಈ ಕಿಡಕ್ಯಾಗ ಹಣಿಕಿದ್ರ ನಿಮ್ಮ ಹುಡುಗನ್ನ ಕುಂದರಸಾಕತ್ತಿದ್ರು. ಹಂಗ ಕೂಸು ಕುಂದರತೈತಿ ಅಂತ ನನಗ ಗೊತ್ತ ಇರಲಿಲ್ರಿ. ಬಾಗೇವಾಡ್ಯಾಗ ಗುರತಿನ ಮಂದಿ, ಅಲ್ಲಿಗೆ ಹ್ಯಾಂಗ ಹೋಗಲಿ? ಕೌದಿ ನೆವಾ ಮಾಡಿ ಇಲ್ಲಿಗೇ ಬರ್ತೇನಿ. ಇವನಿಗೆ ಮಾಡಿದ್ದೆಲ್ಲಾ ಮನೀಗೆ ಹೋಗಿ ಆಕಿಗೆ ಮಾಡ್ತೇನಿ."

"ಆಕೀ ಕಾಲೂ ಇವನಂಗ ಬಿಗದಾವೇನು?"

"ಇಲ್ರಿ. ಆಕಿ ಹಿಂಡಿ ಹಾಕಿದ ಹಸಿ ಅರಿವಿ ಇದ್ದಂಗ. ಮೆತ್ತಗ. ಹೆಂಗ ಎತ್ತಿದ್ರ ಹಂಗ ಜೋಲತಾಳ. ಈಗೀಗ ಸೊಂಟಕ್ಕ ಕೈ ಹಚ್ಚಿದ್ರ ಚೀರತಾಳ."

ಬಿಗಿದ ಕಾಲಿಗೆ ಮಾಡುವ ಜಗ್ಗಾಟವನ್ನು ಸಡಿಲು ಮೈಯ ಮಗುವಿಗೆ ಮಾಡಿದರೆ ಕೀಲು ಜರುಗುತ್ತದೆಂದು ಅನೀಲಕುಮಾರ ಸರ್, ಮಗಳ ಕಾಲು ಹಾಗೆ ಜಗ್ಗಿದ ವಿದ್ಯಾವತಿಯನ್ನು ಒಮ್ಮೆ ಎಲ್ಲರೆದುರು ಗದರಿದ್ದರು. ಫೋಟೋ ಇಲ್ಲದೆ ಬಾರದ ನಂಬಿಕೆ ಹುಮಾಗೆ ಈ ಮಾತಿನಿಂದ ಅರ್ಧ ಬಂತು. ಸುಳ್ಳು ಹೇಳುವವಳು ತಾನು ಮಾಡಿದ ತಪ್ಪನ್ನು ಸೇವೆಯೆಂದು ಇಷ್ಟು ಬಿಡಿಸಿ ಹೇಳುತ್ತಾಳೆಯೇ?

"ಬಿಡ್ರಿ. ಇವತ್ತಿನಿಂದ ಆಕೀ ಕಾಲು ಮುಟ್ಟಬ್ಯಾಡ್ರಿ. ಇವನ ಕಸರತ್ತು ಆಕಿಗೆ ವಿಷ ಆಗತೈತಿ. ಕೀಲು ಜಾರಿರಬೇಕು."

ಕಾಲು ಮಡಚುವಂತೆ ಗಾಳಿಯಲ್ಲಿ ಆಡುತ್ತಿದ್ದ ಮರೆವ್ವನ ಬೆರಳು ಅಲ್ಲಲ್ಲೇ ನಿಂತವು. "ನಾನ... ನಾನ ಜರಗಿಸಿದ್ನೇನ್ರಿ?"

"ಕರ್ಕೊಂಡು ಬರ್ರಿ ಇಲ್ಲಿ. ಸರ್ ನೋಡ್ತಾರ. ಪುಕ್ಕಟ ಐತಿ."

"ಹೆಸರು ಬರಸಬೇಕಲ್ರಿ. ಹೆಸರಿನ ಹಿಂದ ಊರು ಕೇಳ್ತಾರ. ಊರು ಹೇಳಿದ್ರ ಇಂಥಾ ಕೂಸು ನೋಡಾಕ ಆ ಕಡೀ ಸಾಲಿ ಟೀಚರು ಮನೀಗೆ ಬರ್ತಾರ. ನಿಂಬೆವ್ವ ಇದ ಮನ್ಯಾಗ ಅದಾಳೇನ್ರಿ ಅಂತ ಬಾಗಲಾಗ ನಿಂತು ಒಮ್ಮಿ ಕೇಳಿದ್ರ ಸಾಕು, ಸಿಂದಗೀತನಾ ಮುಟ್ಟತೈತಿ."

"ಮುಚ್ಚಿಡೂದು ನೀವ, ಕದ್ದು ಕಲಿಯೂದೂ ನೀವ."

"ಹೌದ್ರಿ. ಎರಡೂ ನಾನ."

ಶಾಲೆಯ ಕೋಣೆಯಿಂದ ವಿದ್ಯಾವತಿ ಇಣುಕಿ, "ಏನಂತಬೇ ಹುಮಾ? ಪೊಲೀಸರಿಗೆ ಹೇಳೂಣೇನು?" ಎಂದು ಕೂಗಿದಳು. ಹುಮಾ ಕೈಯಿಂದಲೇ ತಡೆದಳು. ಮರೆವ್ವ ಎದ್ದು ಅವಳ ಹತ್ತಿರಕ್ಕೆ ಬಂದು ದನಿ ತಗ್ಗಿಸಿದಳು.

"ಒಂದ ಸಲ, ತಂಗೆವ್ವಾ. ಮುಂದಿನ ಬುಧವಾರ ಆಕೀನ ತರ್ತೇನಿ. ಗೇಟಿನ ಹೊರಗ ನಿಮ್ಮ ಕೈಯಾಗ ಕೊಡ್ತೇನಿ. ನಿಮ್ಮ ಅಕ್ಕನ ಮಗಳಂತ ಹೇಳಿ ಒಳಗ ಒಯ್ರಿ. ಸೊಂಟಕ್ಕ ಏನಾಗೇತಿ, ಆಕೀ ಮೈಗೆ ಯಾವ ಕಸರತ್ತು ಅಂತ ಕೇಳ್ರಿ. ನಾ ಕಿಡಕೀ ಬುಡಕ ಯಾರೋ ಅನ್ನೂ ಹಂಗ ಕುಂತಿರ್ತೇನಿ."

ಈಕೆ ಇನ್ನು ಬರುವುದಿಲ್ಲ ಎಂದು ಅತ್ತೆಗೆ ಮಾತು ಕೊಟ್ಟು ಬಂದವಳು ಹುಮಾ. ಈಗ ಅವಳನ್ನೂ ಅವಳ ಕೂಸನ್ನೂ ಒಳಗೆ ಕರೆದುಕೊಳ್ಳುವ ಮಾತು! ಅದು ಖಾತುನಬಿಯ ಕಿವಿಗೆ ಬಿದ್ದರೆ ಜಾಹಿದನ ಕಸರತ್ತು ಅಂದೇ ಮುಗಿದಂತೆ. ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು.

"ನೀವು ಕೂಸು ನನ್ನ ಕೈಯಾಗ ಕೊಟ್ಟು ಬಸ್ ಹತ್ತಿ ಹೋಗಿಬಿಟ್ರ ನಾ ಯಾರನ್ನ ಕೇಳಲಿ? ಮನಗೂಳಿ ಅನ್ನೂದರೆ ಖರೆ ಏನು?"

ಮರೆವ್ವಗೆ ಸಿಟ್ಟು ಬರಲಿಲ್ಲ. "ನಂಬಬ್ಯಾಡ್ರಿ. ನನ್ನ ಸೆರಗಿನ ತುದಿ ನಿಮ್ಮ ಕಾಲಾಗ ಒತ್ತಿ ಇಟ್ಕೊಂಡು ಕುಂದರ್ರಿ."

ಹುಮಾ ಗೊಂಬೆಯ ಹಿಮ್ಮಡಿಯಿಂದ ಸೂಜಿ ಕಿತ್ತು, ಜಾಹಿದನ ಕೈಗೆ ತಾಗದಂತೆ ಮರೆವ್ವನ ಕೈಗೆ ಕೊಟ್ಟಳು. ಅವಳು ಅದನ್ನು ಸೆರಗಿಗೆ ಚುಚ್ಚಿಕೊಂಡಳು.

"ಇನ್ನೊಂದೈತ್ರಿ. ಆಕಿಗೆ ಒಂದು ಹೆಸರ ನೀವ ಇಡ್ರಿ, ನಿಮ್ಮ ಮಂದ್ಯಾಗಿಂದು. ಆ ಹೆಸರಿನ್ಯಾಗ ನಮ್ಮ ಕಡೆಯವರು ಯಾರೂ ಹುಡಕೂದಿಲ್ಲ. ಆದರ ಅದನ್ನ ಇವತ್ತ ಹೇಳ್ರಿ, ಈಗ. ವಾರದಾಗ ಕರದು ಕರದು ರೂಢಿ ಮಾಡಸ್ತೇನಿ. ಸರ್ ಮುಂದ ನೀವು ಕರದಾಗ ಆಕಿ ನಿಮ್ಮ ಕಡೆ ತಿರಗಿ ನೋಡಬೇಕಲ್ರಿ."