ಮಾವನಿಗೆ ನಾನು ಕಿವಿಯಾದದ್ದು

ಸಾಸಲಿನಿಂದ ದೊಡ್ಡಬಳ್ಳಾಪುರಕ್ಕೆ ಬಂದು ಮಗ್ಗದ ಶೆಡ್ಡಿಗೆ ಸೇರಿದಾಗ ನನಗಿನ್ನೂ ಸರಿಯಾಗಿ ಮೀಸೆ ಬಂದಿರಲಿಲ್ಲ. ಎಂಜಿನ್ನಿನಿಂದ ಓಡುವ ಮಗ್ಗಗಳು. ಅವುಗಳ ಸದ್ದಿನಲ್ಲಿ ಪಕ್ಕದವನ ಕಿವಿಗೆ ಬಾಯಿಟ್ಟು ಕಿರುಚಿದರೂ ಕೇಳುತ್ತಿರಲಿಲ್ಲ. ಹಾಗಾಗಿ ಎಲ್ಲರೂ ಕೈಯಲ್ಲೇ ಮಾತಾಡುತ್ತಿದ್ದರು. ಎಳೆ ಕಡಿದರೆ ಒಂದು ಸನ್ನೆ, ಬೀಡಿ ಬೇಕಾದರೆ ಇನ್ನೊಂದು, ಯಜಮಾನ ಬಂದರೆ ಮೂಗಿನ ಮೇಲೆ ಬೆರಳು. ಬೈಗುಳಕ್ಕಂತೂ ಬರವೇ ಇರಲಿಲ್ಲ.

ಈ ಭಾಷೆ ನನಗೆ ಕಲಿಸಿದವರು ಪಕ್ಕದ ಮಗ್ಗದ ಹಿರಿಯರು. ನೆಂಟಸ್ತಿಕೆ ಏನೂ ಇಲ್ಲದಿದ್ದರೂ ಹುಡುಗರೆಲ್ಲ ಅವರನ್ನು ಮಾವ ಎನ್ನುತ್ತಿದ್ದೆವು. ಆ ಸದ್ದಿನಲ್ಲೇ ವಯಸ್ಸು ಕಳೆದು ಅವರ ಎರಡೂ ಕಿವಿ ಹೋಗಿದ್ದವು. ಒಂದು ಭಾನುವಾರ ನನ್ನ ತೋಳು ಹಿಡಿದು ಎಳೆದರು.

"ನಡಿಯೋ ಸಂಘದ ಮೀಟಿಂಗಿಗೆ. ಅವ್ರು ಏನ್ ಹೇಳ್ತಾರೋ ಕೈಯಲ್ಲಿ ನಂಗೇಳು."

ಸಂಘ ಗಿಂಘ ನನಗ್ಯಾಕೆ ಎಂದು ಕೈಯಾಡಿಸಿದೆ.

"ನಿಂಗಲ್ಲ ಕಣ್ಲಾ, ನಂಗೆ. ನೀನು ಬರೀ ಕಿವಿ."

ಹೋದೆ. ಹಕ್ಕು ಎನ್ನುವುದಕ್ಕೆ ಶೆಡ್ಡಿನಲ್ಲಿ ಸನ್ನೆಯೇ ಇರಲಿಲ್ಲ. ನಾನು ಎದೆ ಮುಟ್ಟಿ ತೋರಿಸಿದರೆ, ಮಾವ "ಎದೆ ನೋವಾ?" ಎಂದು ಜೋರಾಗಿ ಕೇಳಿ ಸಭೆಯನ್ನೆಲ್ಲ ನಗಿಸಿದರು. ಸಂಘಕ್ಕೆ ಎರಡು ತೋರುಬೆರಳನ್ನು ಕೊಕ್ಕೆ ಹಾಕಿದೆವು. ಮುಷ್ಕರಕ್ಕೆ, ಮಗ್ಗ ನಿಲ್ಲಿಸುವ ಹಿಡಿ ಎಳೆದಂತೆ ಕೈ ಎಳೆಯುವುದು. ಮಾವ ಅವನ್ನೆಲ್ಲ ಶೆಡ್ಡಿನ ತುಂಬ ಹರಡಿಬಿಟ್ಟರು. ಅವರಿಗೆ ತಿಳಿಸಬೇಕಾದರೆ ಮೊದಲು ನನಗೆ ತಿಳಿಯಬೇಕಲ್ಲ! ಹೀಗೆ, ಹಾಯಾಗಿ ನಿದ್ದೆ ಮಾಡಬಹುದಾಗಿದ್ದ ಭಾನುವಾರಗಳಲ್ಲಿ ಸಂಘದ ಮಾತೆಲ್ಲ ನನ್ನೊಳಗೆ ಇಳಿದಿತ್ತು.

ಒಂದು ದಿನ ಮಾವನ ಮಗ್ಗದಲ್ಲಿ ಲಾಳಿ ಸಿಕ್ಕಿಕೊಂಡು ನೂಲೆಲ್ಲ ಹರಿಯಿತು. ಸದ್ದು ಬದಲಾದದ್ದು ಅವರಿಗೆ ಕೇಳಿಸಿರಲಿಲ್ಲ. "ಕಿವುಡನ್ನ ಇಟ್ಕೊಂಡು ಏನ್ ಮಾಡ್ಲಿ" ಎಂದು ಯಜಮಾನ ನಿಂತ ಕಾಲಲ್ಲೇ ಅವರನ್ನು ಕೆಲಸದಿಂದ ತೆಗೆದ. ಮನೆಯಲ್ಲಿ ಏನೆಂದು ಹೇಳುವುದೋ ತಿಳಿಯದೆ ಮಾವ ಹೊರಗೆ ಶೆಡ್ಡಿನ ಗೋಡೆಗೆ ಒರಗಿ ಕುಳಿತರು.

ದೊಡ್ಡವರೆಲ್ಲ ನನ್ನ ಮುಖ ನೋಡಿದರು. ಒಂದು ಮೀಟಿಂಗನ್ನೂ ಬಿಡದವನು ನಾನೇ ತಾನೆ! ಯಜಮಾನನ ಕೋಣೆಗೆ ಹೋಗಿ, "ಈ ಶೆಡ್ಡಲ್ಲೇ ಅವ್ರ ಕಿವಿ ಹೋಗಿದ್ದು ಸ್ವಾಮಿ, ವಾಪಸ್ ಕರೀರಿ" ಎಂದೆ.

"ನಾಳೆಯಿಂದ ನೀನೂ ಬರ್ಬೇಡ" ಎಂದ.

ಶೆಡ್ಡಿನೊಳಗೆ ಬಂದು ನಿಂತೆ. ಕೂಗಿದರೂ ಆ ಸದ್ದಿನಲ್ಲಿ ಯಾರಿಗೆ ಕೇಳೀತು? ಎರಡು ಬೆರಳು ಕೊಕ್ಕೆ ಹಾಕಿ ಎತ್ತಿ ಹಿಡಿದೆ. ಆಮೇಲೆ ಹಿಡಿ ಎಳೆಯುವ ಸನ್ನೆ ಮಾಡಿದೆ.

ಎದುರಿನ ಮಗ್ಗ ನಿಂತಿತು. ಅದರಾಚೆಯದು ನಿಂತಿತು. ಸಾಲು ಸಾಲೇ ನಿಂತು ಕೊನೆಗೆ ಎಂಜಿನ್ನೂ ನಿಂತಿತು. ಅಬ್ಬಾ, ಆ ನಿಶ್ಶಬ್ದ! ಶೆಡ್ಡಿನ ಸೂರಿನಲ್ಲಿ ಗುಬ್ಬಚ್ಚಿಗಳಿವೆ ಎಂದು ನನಗೆ ಗೊತ್ತಾದದ್ದೇ ಅವತ್ತು. ಅಷ್ಟು ಕಬ್ಬಿಣದ ಸದ್ದನ್ನು ನಮ್ಮ ಬರಿಗೈ ಅಡಗಿಸಿತ್ತು. ಶಿವಗಂಗೆ ಬೆಟ್ಟದ ತುದಿ ಹತ್ತಿ ನಿಂತಾಗಲೂ ನಾನು ಹಾಗೆ ಬೆರಗಾಗಿರಲಿಲ್ಲ.

ಮಾವನಿಗೆ ಹೇಳಲು ಹೊರಗೆ ಓಡಿದೆ. ಅವರು ಆಗಲೇ ಎದ್ದು ನಿಂತು ಗೋಡೆಗೆ ಅಂಗೈ ಒತ್ತಿ ಹಿಡಿದಿದ್ದರು. ಸದಾ ಅದುರುತ್ತಿದ್ದ ಗೋಡೆ ಈಗ ಸುಮ್ಮನಿತ್ತು.

"ಎಲ್ರೂನಾ?" ಎಂದರು. ಕಣ್ಣು ತುಂಬಿದ್ದವು.

ಎಲ್ಲರೂ ಎಂದೆ. ನನ್ನನ್ನೂ ತೆಗೆದದ್ದನ್ನು ಕೈಯಲ್ಲಿ ಹೇಳಿದೆ.

ಬಟ್ಟೆಗೆ ರೇಷನ್ ಇದ್ದ ಕಾಲ, ನೇಯ್ದಷ್ಟೂ ಮಾರಾಟವಾಗುತ್ತಿತ್ತು. ಮಗ್ಗ ಸುಮ್ಮನಿದ್ದರೆ ಯಜಮಾನನಿಗೆ ನಷ್ಟ ತಡೆದುಕೊಳ್ಳಲು ಆಗುತ್ತಿರಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ತಾನೇ ಶೆಡ್ಡಿನ ಬಾಗಿಲಿಗೆ ಬಂದು ಮಾವನ ಮುಂದೆ ನಿಂತು ಏನೋ ಗೊಣಗಿದ. ಮಾವ ಅವನ ಮುಖ ನೋಡದೆ ನನ್ನ ಕೈ ನೋಡಿದರು.

ನೀವು ಒಳಗೆ ಬರಬೇಕು ಅನ್ನುತ್ತಿದ್ದಾರೆ, ಎಂದು ನನ್ನ ಕೈ ಹೇಳಿತು.

ಮಾವ ನನ್ನ ಹೆಗಲ ಮೇಲೆ ಕೈಯಿಟ್ಟು, ಇಡೀ ಶೆಡ್ಡಿಗೆ ಕೇಳುವಂತೆ, "ನನ್ನ ಕಿವೀನೂ ಜೊತೇಗೆ ಬರ್ತದೆ ಸ್ವಾಮಿ" ಎಂದರು.

ಯಜಮಾನ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದ.