ಶಿವಪ್ಪ ಕಾಕಾ ಬೂಟು ಹಾಕಿಕೊಂಡು ನಡೆದ ಸೋಮವಾರ

ಕೇಶ್ವಾಪುರದಿಂದ ಹೊರಟಾಗ ಇನ್ನೂ ಬೆಳಕು ಹರಿದಿರಲಿಲ್ಲ. ಉಣಕಲ್ ಕೆರೆಯವರೆಗೆ ಆಟೋ, ಅಲ್ಲಿಂದ ಕಾಲ್ನಡಿಗೆಯಲ್ಲಿ ಧಾರವಾಡ ದಾಟಿ ಊರಾಚೆಯ ಈಶ್ವರನ ಗುಡಿ. ಹೆಚ್ಚುಕಡಿಮೆ ಹದಿನೆಂಟು ಕಿಲೋಮೀಟರ್. ಅಮರಗೋಳದ ಮಾರುಕಟ್ಟೆಯಲ್ಲಿ ಹತ್ತಿ, ಕಾಳು, ಮೆಣಸಿನಕಾಯಿ ವ್ಯಾಪಾರ ಮಾಡುವ ಹತ್ತಿಪ್ಪತ್ತು ಜನ ಶ್ರಾವಣದ ಒಂದು ಸೋಮವಾರ ಹೀಗೆ ಹರಕೆಯೆಂದು ಬರಿಗಾಲಲ್ಲಿ ನಡೆಯುತ್ತಾರೆ. ನಾನು ಭಕ್ತಿಯಿಂದ ಹೋದವಳಲ್ಲ. ನನ್ನ ತಂದೆಯ ತಮ್ಮ ಶಿವಪ್ಪ ಕಾಕಾನ ಕಾಲು ಕಾಯಲು ಹೋದವಳು.

ಕಾಕಾನಿಗೆ ಬಹಳ ವರ್ಷದಿಂದ ಸಕ್ಕರೆ ಕಾಯಿಲೆ. ಹೋದ ವರ್ಷ ಎಡಗಾಲಿಗೆ ಮೊಳೆ ನೆಟ್ಟದ್ದು ಅವನಿಗೆ ತಿಳಿಯಲೇ ಇಲ್ಲ. ತಿಳಿಯುವಷ್ಟರಲ್ಲಿ ಕೀವು ತುಂಬಿ, ಕಿರುಬೆರಳು ತೆಗೆಯಬೇಕಾಯಿತು. ಅಂಗಾಲಿನ ಸ್ಪರ್ಶ ಹೋಗಿದೆ, ಇನ್ನೊಂದು ಗಾಯ ಕೊಳೆತರೆ ಪಾದವೇ ಉಳಿಯಲಿಕ್ಕಿಲ್ಲ ಎಂದು ವೈದ್ಯರು ಹೇಳಿದ್ದರು. ಆದರೂ ಈ ಸಲ ನಡೆಯುತ್ತೇನೆ ಎಂದು ಕಾಕಾ ಹಟ ಹಿಡಿದ. ಕೊನೆಗೆ ಗಂಗಾ ಕಾಕಿ ಷರತ್ತು ಹಾಕಿದಳು. ಉಪವಾಸ ಮಾಡಬಾರದು. ಅಗಲವಾದ ಮೆತ್ತನೆಯ ಬೂಟು, ಬಿಳಿ ಕಾಲುಚೀಲ ಹಾಕಬೇಕು. ರಕ್ತ ಬಂದರೆ ಬಿಳಿಯ ಮೇಲೆ ಕಾಣುತ್ತದೆ. ನಿಂತಲ್ಲೆಲ್ಲ ಬೂಟು ಬಿಚ್ಚಿ ತೋರಿಸಬೇಕು.

"ನೀ ಕಣ್ಣಿಂದ ನೋಡು ಸುಮಾ, ಅವ್ರ ಬಾಯಿ ಮಾತು ನಂಬಬ್ಯಾಡ," ಎಂದು ಕಾಕಿ ಬಾಗಿಲಲ್ಲಿ ನನ್ನ ಕೈ ಹಿಡಿದು ಹೇಳಿದ್ದಳು.

ಉಣಕಲ್ ಕೆರೆಯ ದಂಡೆಯಲ್ಲಿ ಎಲ್ಲರೂ ಚಪ್ಪಲಿ ಬಿಚ್ಚಿ ಒಂದು ಗೋಣಿಚೀಲಕ್ಕೆ ಹಾಕುವುದು ಆ ಗುಂಪಿನ ರೂಢಿ. ಚೀಲ ಟೆಂಪೋದಲ್ಲಿ ಮುಂದೆ ಗುಡಿಗೆ ಹೋಗುತ್ತದೆ, ಅಲ್ಲಿಯವರೆಗೆ ಯಾರಿಗೂ ಸಿಗುವುದಿಲ್ಲ. ಆ ರೂಢಿ ಹಾಕಿದವನು ಕಾಕಾನೇ. ಒಂದು ವರ್ಷ ಯಾರೋ ಕಾಲು ಉರಿಯುತ್ತದೆಂದು ಕೈಚೀಲದಲ್ಲಿ ಸ್ಲಿಪ್ಪರ್ ಬಚ್ಚಿಟ್ಟುಕೊಂಡು ಬಂದಿದ್ದರಂತೆ. ಧಾರವಾಡದವರೆಗೂ ಕಾಕಾ ಅವರನ್ನು ಛೇಡಿಸುವುದು ಬಿಟ್ಟಿರಲಿಲ್ಲವಂತೆ. ಈಗ ಚೀಲದ ಬಾಯಿ ಹಿಡಿದು ನಿಂತಿದ್ದವರು ಮೆಣಸಿನಕಾಯಿ ವ್ಯಾಪಾರಿ ಈರಪ್ಪನವರು, ಕಾಕಾನ ಹಳೆಯ ಗೆಳೆಯ.

"ಸಾವಕಾರ, ನಿಮ್ಮ ಬೂಟು ಚೀಲದಾಗ ಹಿಡಿಸೂದಿಲ್ಲ ಬಿಡ್ರಿ," ಎಂದರು ಈರಪ್ಪನವರು. "ಪೊಲೀಸ್ ಭರ್ತಿಗೆ ಹೊಂಟೀರೇನ?"

ಎಲ್ಲರೂ ನಕ್ಕರು. ಕಾಕಾನೂ ನಕ್ಕ. ಆಮೇಲೆ ಕೈ ತೊಳೆದು ಬರುತ್ತೇನೆಂದು ನೀರಿನ ಕಡೆ ಇಳಿದ. ಆ ಸಂಜೆ ನಾನು ದಿನಚರಿಯಲ್ಲಿ ಬರೆದಿಟ್ಟದ್ದರಲ್ಲಿ ಇಷ್ಟೇ ಇದೆ. ಈಗ ನೆನೆದರೆ, ಅವನು ನನಗೆ ಬೆನ್ನು ಮಾಡಿ ಬಹಳ ಹೊತ್ತು ಬಗ್ಗಿದ್ದ ಎಂದು ಕಾಣುತ್ತದೆ. ಕಂಡದ್ದೋ, ಆಮೇಲೆ ತಿಳಿದದ್ದರಿಂದ ಹುಟ್ಟಿದ ಚಿತ್ರವೋ, ಹೇಳಲಾರೆ.

ಜಿಟಿಜಿಟಿ ಮಳೆಯಲ್ಲಿ ಹೊರಟೆವು. ರಸ್ತೆ ತಂಪಾಗಿತ್ತು. ಕಾದ ಡಾಂಬರಿನ ಭಯವಿಲ್ಲ ಎಂದು ನನಗೆ ಸಮಾಧಾನ. ಆದರೆ ಒಡೆದ ಬಾಟಲಿಯ ಚೂರು, ತಂತಿ, ಜಲ್ಲಿ ಎಲ್ಲವೂ ನನ್ನ ಕಣ್ಣಿಗೇ ಬೀಳುತ್ತಿದ್ದವು. ಪಕ್ಕದಲ್ಲಿ ಧಾರವಾಡದ ಬಸ್ಸುಗಳು ಕಿಟಕಿ ಮುಚ್ಚಿಕೊಂಡು ಓಡುತ್ತಿದ್ದವು. ಅರ್ಧ ತಾಸಿನಲ್ಲಿ ಮುಟ್ಟಿಸುವ ದಾರಿ ಅದು.

ಅಮರಗೋಳದಲ್ಲಿ ಮೊದಲ ನಿಲುಗಡೆ. ಉಪವಾಸದವರು ಬಾಳೆಹಣ್ಣು ತಿಂದು ಚಹಾ ಕುಡಿದರು. ಕಾಕಾನಿಗೆ ಕಾಕಿ ಕಟ್ಟಿದ್ದ ರೊಟ್ಟಿ, ಹೆಸರುಕಾಳಿನ ಪಲ್ಯ. ತಿಂದಾದ ಮೇಲೆ ಅವನಾಗಿಯೇ ಎಡಗಾಲಿನ ಬೂಟು ಬಿಚ್ಚಿ ನನ್ನ ಮುಂದೆ ಚಾಚಿದ.

"ನೋಡ್ಕೋ. ಹಾಲಿನಂಗ ಐತಿ."

ಬೆರಳುಗಳ ಸಂದಿ, ಹಿಮ್ಮಡಿ, ಕಿರುಬೆರಳಿದ್ದ ಜಾಗದ ಹೊಲಿಗೆ ಗುರುತು, ಎಲ್ಲ ನೋಡಿದೆ. ಒಣಗಿತ್ತು, ಕೆಂಪಿರಲಿಲ್ಲ. ಬಲಗಾಲು ಎಂದೆ.

"ಅದು ಛಲೋ ಕಾಲು. ಅದಕ್ಕೇನಾಗೈತಿ? ಮಂದಿ ಹೊಂಟ್ರು ನೋಡು, ಏಳು."

ಗುಂಪು ನಿಜಕ್ಕೂ ಹೊರಟಿತ್ತು. ಮನೆಯಲ್ಲೂ ಒಂದು ವರ್ಷದಿಂದ ಎಲ್ಲರ ಕಣ್ಣು ಎಡಗಾಲಿನ ಮೇಲೇ. ನಾನೂ ಎದ್ದೆ.

ರಾಯಾಪುರದ ಹೊತ್ತಿಗೆ ಮಳೆ ಜೋರಾಯಿತು. ನಾನು ಕಾಕಾನ ಹಿಂದೆ ಉಳಿದು ಅವನ ನಡಿಗೆಯನ್ನೇ ನೋಡುತ್ತಿದ್ದೆ. ಅವನು ಕುಂಟಲಿಲ್ಲ. ಬರಿಗಾಲಿನವರೆಲ್ಲ ಜಲ್ಲಿ ಬಂದಲ್ಲಿ ಹೆಜ್ಜೆ ತಪ್ಪಿಸಿ, "ಹಾ ಶಿವನೇ" ಎನ್ನುತ್ತ ನಡೆಯುತ್ತಿದ್ದರು. ಇವನೊಬ್ಬನೇ ಗಡಿಯಾರದ ಮುಳ್ಳಿನಂತೆ ಒಂದೇ ಸಮ ನಡೆಯುತ್ತಿದ್ದ. ಸ್ವಲ್ಪವಾದರೂ ಕುಂಟಿದ್ದರೆ ನನ್ನ ಜೀವಕ್ಕೆ ಹಗುರಾಗುತ್ತಿತ್ತು.

ಸತ್ತೂರಿನಲ್ಲಿ ಮತ್ತೆ ಕೇಳಿದೆ. ಕಾಕಾನ ದನಿ ಬಿರುಸಾಯಿತು.

"ಎಷ್ಟ ಸಲ ನೋಡ್ತಿ? ನನ್ನ ಕಾಲೇನು ಪ್ರದರ್ಶನಕ್ಕ ಇಟ್ಟಾರೇನು?"

"ತೋರಸೋ ಮಾರಾಯಾ," ಎಂದರು ಈರಪ್ಪನವರು ಮುಂದಿನಿಂದ. "ಮದವಿ ಹೆಣ್ಣಿನಂಗ ಮುಚ್ಚಿಟ್ಕೊಂಡು ಹೊಂಟಿ."

ಹಿಂದಿನವರು ನಕ್ಕರು. ಕಾಕಾ ಬಿರಬಿರನೆ ಮುಂದೆ ನಡೆದ. ಅಷ್ಟು ಬೇಗ ನಡೆಯಬಾರದಿತ್ತು.

ನವಲೂರಿನಲ್ಲಿ ಪೇರಲ ಮಾರುವ ಹೆಂಗಸರು ರಸ್ತೆಬದಿ ಪ್ಲಾಸ್ಟಿಕ್ ಹಾಳೆಯ ಕೆಳಗೆ ಬುಟ್ಟಿ ಇಟ್ಟುಕೊಂಡು ಕೂತಿದ್ದರು. ಸೇತುವೆಯ ಕಟ್ಟೆಯ ಮೇಲೆ ಎಲ್ಲರೂ ಕೂತೆವು. ಆಗ ಕಾಕಾನ ಎರಡೂ ಕಾಲು ಪಕ್ಕಪಕ್ಕ ಕಂಡವು. ಒಂದೇ ರಸ್ತೆ, ಒಂದೇ ಮಳೆ. ಎಡಗಾಲಿನ ಚೀಲ ಒದ್ದೆಯಾಗಿದ್ದರೂ ಬಿಳಿಯೇ. ಬಲಗಾಲಿನದು ಬೂಟಿನ ಅಂಚಿನವರೆಗೆ ಕಂದು. ಕೆಸರು ಮೇಲಿಂದ ಸಿಡಿದದ್ದಲ್ಲ, ಒಳಗಿನಿಂದ ಏರಿದ್ದು.

ನಾನು ಅವನ ಮುಂದೆ ಒದ್ದೆ ನೆಲದ ಮೇಲೆಯೇ ಕೂತೆ. "ಕಾಕಾ, ಬಲಗಾಲಿನ ಬೂಟು ಬಿಚ್ಚೂತನಕಾ ನಾ ಏಳೂದಿಲ್ಲ."

"ಮಂದಿ ಮುಂದ ಮರ್ಯಾದಿ ಕಳೀಬ್ಯಾಡ."

"ಕಳದ್ರ ಕಳೀಲಿ."

ಅವನು ಆ ಕಡೆ ಈ ಕಡೆ ನೋಡಿದ. ತಾನೇ ಬಿಚ್ಚಲಿಲ್ಲ, ಬಿಚ್ಚಲು ಹೋದ ನನ್ನ ಕೈಯನ್ನೂ ತಡೆಯಲಿಲ್ಲ. ಬೂಟು ಕಳಚಿ ಬೋರಲು ಮಾಡಿದರೆ ಮಣ್ಣು ಬಿತ್ತು. ಒಂದು ಹಿಡಿಯಷ್ಟು, ನೀರು ಹೊಕ್ಕು ಕೆಸರಾದ ಮಣ್ಣು. ಕಾಲುಚೀಲದೊಳಗೂ ಅದೇ. ಚೀಲ ಎಳೆದಾಗ ಅಂಗಾಲಿನ ಮುಂಭಾಗದಲ್ಲಿ, ಹೆಬ್ಬೆರಳಿನ ಬುಡದಲ್ಲಿ, ರೂಪಾಯಿ ನಾಣ್ಯದಗಲ ಚರ್ಮ ಸುಲಿದಿತ್ತು. ನಡುವೆ ಒಂದು ಕಲ್ಲಿನ ಚೂರು ಕೂತಿತ್ತು. ಕೆಸರಿನಲ್ಲಿ ರಕ್ತ ಯಾವುದು, ನೀರು ಯಾವುದು ತಿಳಿಯುತ್ತಿರಲಿಲ್ಲ.

ಕಾಕಾ ಬಗ್ಗಿ, ಪಕ್ಕದವರ ಕಾಲು ನೋಡುವ ಹಾಗೆ ನೋಡಿದ.

"ಇದು ಯಾವಾಗ ಆತು?"

"ಮಣ್ಣು ಎಲ್ಲಿದು ಕಾಕಾ?"

"ಕೆರಿ ದಂಡಿದು," ಎಂದ ಮೆಲ್ಲಗೆ. "ಹರಕಿ ಅಂದ್ರ ಅಂಗಾಲಿಗೆ ಮಣ್ಣು ತಾಗಬೇಕು ಸುಮಾ. ಬೂಟಿನ್ಯಾಗ ನಡದ್ರ ಅದು ನಡಿಗಿ ಅಲ್ಲ. ಎಡಗಾಲಿಗೆ ಹಾಕೂ ಧೈರ್ಯ ಆಗ್ಲಿಲ್ಲ. ಹೆಂಗೂ ಗುಡಿಯೊಳಗ ಬಲಗಾಲಿಟ್ಟಽ ಹೋಗೂದು, ಅದಕ್ಕ ಈ ಕಾಲಿಗೆ ಹಾಕ್ಕೊಂಡೆ."

"ಚುಚ್ಚಲಿಲ್ಲೇನು?"

"ಚುಚ್ಚಿದ್ರ ಸಮಾಧಾನ ಆಗತಿತ್ತು."

ಯಾರೋ ವಿಭೂತಿ ತಂದರು. ಪೇರಲ ಮಾರುವವಳು ಅರಿಶಿನ ಕೊಡುತ್ತೇನೆಂದಳು. ಎರಡನ್ನೂ ಬೇಡವೆಂದೆ. ಕುಡಿಯುವ ನೀರಿನಿಂದ ಮಣ್ಣು ತೊಳೆದು, ಚೂರನ್ನು ಕೀಳದೆ, ಕಾಕಿ ಕೊಟ್ಟಿದ್ದ ಶುಭ್ರ ಬಟ್ಟೆ ಸುತ್ತಲು ಹೊರಟೆ.

"ಗಟ್ಟಿ ಕಟ್ಟಿಬಿಡು," ಎಂದ ಕಾಕಾ. "ಇಷ್ಟ ದೂರ ಬಂದೇವಿ. ಗುಡಿ ಮುಟ್ಟಿ ಆಮ್ಯಾಲೆ ದವಾಖಾನಿಗೆ ಹೋಗೂಣು."

ನಾನು ಬಟ್ಟೆ ಸುತ್ತುವುದನ್ನು ನಿಲ್ಲಿಸಿದೆ. ಕಾಕಾ ಗಾಯದ ಪಕ್ಕದಲ್ಲಿ ಹೆಬ್ಬೆಟ್ಟಿನಿಂದ ಒತ್ತಿದ. ಇನ್ನೂ ಬಲವಾಗಿ ಒತ್ತಿದ. ಉಗುರು ಬೆಳ್ಳಗಾಗುವಷ್ಟು ಒತ್ತಿ, ನೋವು ಬರುತ್ತದೋ ಎಂದು ಕಾಯುವವನ ಹಾಗೆ ಮುಖ ಎತ್ತಿ ಕೂತ.

ಕೈ ತೆಗೆದು, "ಗಾಡಿ ಕರಿ," ಎಂದ.

ಟೆಂಪೋ ಮುಂದೆ ಹೋಗಿತ್ತು. ನವಲೂರಿನಲ್ಲೇ ಒಂದು ಬಾಡಿಗೆ ಕಾರು ಸಿಕ್ಕಿತು. ಕಾಲು ನೆಲಕ್ಕೆ ತಾಗಬಾರದಲ್ಲ, ಈರಪ್ಪನವರು ಅವನನ್ನು ಬೆನ್ನ ಮೇಲೆ ಹೊತ್ತು ತಂದು ಕೂರಿಸಿದರು. ಉಳಿದವರಿಗೆ ಮುಂದೆ ಹೋಗಿ ಎಂದು ಕೈಮಾಡಿ, ಕೆಸರುಗಾಲಲ್ಲೇ ತಾವೂ ಹತ್ತಿದರು.

ಧಾರವಾಡದ ದವಾಖಾನೆಯಲ್ಲಿ ವೈದ್ಯೆ ಚೂರು ತೆಗೆದು, ಗಾಯದ ಆಳ ನೋಡಿ, ಎಕ್ಸ್‌ರೇ ಮಾಡಿಸಿದರು. ಎಲುಬಿಗೆ ಮುಟ್ಟಿರಲಿಲ್ಲ. "ಇವತ್ತ ಬಂದದ್ದು ಛಲೋ ಆತು," ಎಂದರು. "ಆದ್ರ ಕಾಲು ಉಳೀತು ಅಂತ ಈಗಽ ಹೇಳಾಕ ಬರೂದಿಲ್ಲ. ಮಾಯೂತನಕಾ ಈ ಕಾಲು ಊರಬ್ಯಾಡ್ರಿ. ನಾಡದು ಬರ್ರಿ, ನೋಡೂಣು." ಕಾಕಾ ತಲೆಯಾಡಿಸಿದ. ಗುಡಿಯ ಮಾತೆತ್ತಲಿಲ್ಲ.

ಪಟ್ಟಿ ಕಟ್ಟುತ್ತಿದ್ದ ವೈದ್ಯೆಯ ಕಣ್ಣು ಬಾಗಿಲಲ್ಲಿ ನಿಂತ ಈರಪ್ಪನವರ ಕಾಲಿನ ಮೇಲೆ ಬಿತ್ತು.

"ನಿಮಗೂ ಶುಗರ್ ಐತೇನ್ರಿ?"

"ಸ್ವಲ್ಪ ಐತ್ರಿ. ಗುಳಿಗಿ ತಗೋತೇನಿ."

"ಕಾಲು ತೊಳ್ಕೊಂಡು ಮ್ಯಾಲೆ ಮಲಕೋರಿ."

ಈರಪ್ಪನವರು ಕಾಕಾನನ್ನು ನೋಡಿ ನಗಲು ಹೋಗಿ, ಮಲಗಿದರು. ವೈದ್ಯೆ ಒಂದು ಸಣ್ಣ ನೈಲಾನ್ ಎಳೆ ತೆಗೆದು ಮೊದಲು ಅವರ ಮುಂಗೈಗೆ ಮುಟ್ಟಿಸಿ ತೋರಿಸಿದರು. "ಕಣ್ಣು ಮುಚ್ಚ್ರಿ. ಕಾಲಿಗೆ ಇದು ಮುಟ್ಟಿದಾಗೆಲ್ಲಾ ಹೂಂ ಅನ್ರಿ."

ಈರಪ್ಪನವರು ಕಣ್ಣು ಮುಚ್ಚಿದರು. ಎಳೆ ಹೆಬ್ಬೆರಳಿಗೆ ತಾಗಿ ಬಾಗಿತು. ಬೆರಳುಗಳ ಬುಡಕ್ಕೆ ತಾಗಿತು. ಹಿಮ್ಮಡಿಗೆ ತಾಗಿತು. ಇನ್ನೊಂದು ಕಾಲಿಗೂ ಹಾಗೆಯೇ. ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದ ಕಾಕಾ ಪ್ರತಿ ಸಲವೂ ಮುಂದಕ್ಕೆ ಬಾಗಿ ನೋಡುತ್ತಿದ್ದ.

"ಶುರು ಮಾಡ್ರಿ ಡಾಕ್ಟರ್ ಬಾಯಾರ," ಎಂದರು ಈರಪ್ಪನವರು, ಕಣ್ಣು ಮುಚ್ಚಿಕೊಂಡೇ.

ವೈದ್ಯೆ ಎಳೆಯನ್ನು ಡಬ್ಬಿಯಲ್ಲಿ ಇಡುತ್ತಿದ್ದರು.

"ಮುಗೀತೋ ಈರಪ್ಪಾ," ಎಂದ ಕಾಕಾ. "ಏಳು."

ಅದೇ ಕಾರಿನಲ್ಲಿ ಹುಬ್ಬಳ್ಳಿಗೆ ಮರಳಿದೆವು. ಮಳೆ ನಿಂತಿತ್ತು. ಹಿಂದಿನ ಸೀಟಿನಲ್ಲಿ ಕಾಕಾನ ಪಟ್ಟಿ ಕಟ್ಟಿದ ಕಾಲು ಈರಪ್ಪನವರ ತೊಡೆಯ ಮೇಲಿತ್ತು. ಉಣಕಲ್‌ನಲ್ಲಿ ಈರಪ್ಪನವರ ಮನೆ ಬಂತು. ರಸ್ತೆಯಿಂದ ಬಾಗಿಲಿಗೆ ಹತ್ತು ಮಾರು ಅಂಗಳ, ಮನೆ ಕಟ್ಟುವ ಕೆಲಸದ್ದು ಇರಬೇಕು, ಒಂದು ಮೂಲೆಯಲ್ಲಿ ಜಲ್ಲಿ ಚೆಲ್ಲಿತ್ತು. ಅವರು ಕಾರಿನ ಬಾಗಿಲು ತೆರೆದರು. ಒಂದು ಕಾಲು ಹೊರಗಿಟ್ಟವರು ಮತ್ತೆ ಒಳಗೆ ಎಳೆದುಕೊಂಡರು.

"ಏ, ಇವಳ," ಎಂದು ಹೆಂಡತಿಯನ್ನು ಕೂಗಿದರು. "ನನ್ನ ಹಳೇ ಚಪ್ಪಲಿ ಇಲ್ಲೆ ತಗೊಂಡ ಬಾ."

ಆಕೆ ಹೊಸ್ತಿಲಲ್ಲಿ ನಿಂತು ನಕ್ಕಳು. "ಧಾರವಾಡತನಾ ಬರಿಗಾಲಲೆ ಹೋದವ್ರಿಗೆ ಅಂಗಳ ದಾಟಾಕ ಚಪ್ಪಲಿ ಬೇಕೇನ್ರಿ?"

"ನಗಬ್ಯಾಡ ತಂಗೆವ್ವಾ," ಎಂದ ಕಾಕಾ ಒಳಗಿನಿಂದ. "ಲಗೂ ತಾ."